ಸೂಟ್‌ಕೇಸಿಗೆ ಸರಪಳಿ

ಸೈರನ್ ಕೂಗಿದ್ದೇ ತಡ, ಪ್ರವಾಸಿ ಹಡಗಿನ ಡೆಕ್ಕಿನಿಂದ ಓಡಿಹೋಗಿ ಕ್ಯಾಬಿನ್ನಿನಲ್ಲಿದ್ದ ಸೂಟ್‌ಕೇಸನ್ನು ತಬ್ಬಿ ಕುಳಿತೆ. ಮಲಾಕ್ಕಾ ಜಲಸಂಧಿಯಲ್ಲಿ ಕಡಲ್ಗಳ್ಳರು ಬಂದರೆ ಕಿಟಕಿಗಳಿಂದ ದೂರ, ಕ್ಯಾಬಿನ್ನುಗಳ ನಡುವಿನ ಓಣಿಯಲ್ಲಿ ಕೂರಬೇಕೆಂದು ಹಡಗಿನವರು ಹೇಳಿದ್ದರು. ಇವತ್ತಿನದು ಬರೀ ತಾಲೀಮು ಎಂದೂ ಹೇಳಿದ್ದರಂತೆ. ಆಗ ನಾನು ತಿಂಡಿಯ ಸಾಲಿನಲ್ಲಿದ್ದೆ.

ಯಲವಿಗಿಯಲ್ಲಿ ರೈಲು ಹತ್ತಿದೊಡನೆ ಸೂಟ್‌ಕೇಸನ್ನು ಸೀಟಿನ ಕಾಲಿಗೆ ಸರಪಳಿಯಿಂದ ಬಿಗಿದು ಬೀಗ ಹಾಕುವವನು ನಾನು. ಹಡಗಿನಲ್ಲೂ ಮಂಚದ ಕಾಲಿಗೆ ಬಿಗಿದಿದ್ದೆ.

ನಾನು “ಯಪ್ಪಾ, ಯಪ್ಪಾ” ಎನ್ನುವುದನ್ನು ಕೇಳಿ ಬಾಗಿಲಿಗೆ ಬಂದ ಕಾವಲುಗಾರ ನಕ್ಕುಬಿಟ್ಟ. ಶಿಗ್ಗಾವಿಯ ಹತ್ತಿರದ ಹಿರೇಬೆಂಡಿಗೇರಿಯವನಂತೆ!

“ಸರ, ಅವರು ಪೆಟಗಿ ಒಯ್ಯಾಕ ಬರಂಗಿಲ್ರಿ, ಮಂದೀನ್ನ ಹಿಡಕೊಂಡು ಹೋಗಾಕ ಬರ್ತಾರ. ನಿಮ್ಮ ಮನಿಯವರು ಎಲ್ಲದಾರ್ರಿ?”

ಹೆಂಡತಿಯನ್ನು ಡೆಕ್ಕಿನಲ್ಲೇ ಬಿಟ್ಟು ಬಂದಿದ್ದೆ. ಅವನು ನನ್ನನ್ನು ಓಣಿಗೆ ಕರೆದೊಯ್ದ. ಅವಳು ಅಲ್ಲಿ ಕುಳಿತು, ಸವಣೂರು ಬಸ್ಸಿನಲ್ಲಿ ಹಾಕುವಂತೆ ಪಕ್ಕದಲ್ಲಿ ಕರವಸ್ತ್ರ ಹಾಸಿ, ನನಗೊಂದು ಜಾಗ ಹಿಡಿದಿದ್ದಳು.

ಸೂಟ್‌ಕೇಸಿನಲ್ಲಿ ಇದ್ದದ್ದು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ನನ್ನ ಎರಡು ಪೈಜಾಮ. ಅವಳನ್ನು ಬಿಟ್ಟು ಇದಕ್ಕಾಗಿ ಓಡಿದ ಮಾತೆತ್ತಿ ಅವಳು ಇನ್ನೂ ಒಮ್ಮೆಯೂ ಬೈದಿಲ್ಲ. ಕಡಲ್ಗಳ್ಳರಿಗಿಂತ ಹೆಚ್ಚಿನ ಭಯ ನನಗೆ ಅದರದೇ.