ನಿರಾಸಕ್ತರ ಗುಂಪು

ಲಿಂಗಗುರುತಿಗೂ ಮತದಾನಕ್ಕೂ ಇರುವ ನಂಟಿನ ಬಗ್ಗೆ ಪ್ರಬಂಧ ಬರೆಯುತ್ತಿದ್ದ ಸಂಶೋಧಕಿಯ ಮುಂದೆ ಪಕ್ಕದ ಮನೆಯ ದರ್ಜಿ ಅಕ್ಕ ಮನಬಿಚ್ಚಿ ಮಾತಾಡಿದ್ದಳು. ಹುಟ್ಟಿದಾಗ ಗಂಡೆಂದು ಬರೆಸಿಕೊಂಡು ಈಗ ಹೆಣ್ಣಾಗಿ ಬಾಳುತ್ತಿದ್ದ ಅಕ್ಕ ಪ್ರತಿ ಚುನಾವಣೆಗೂ ಮತಗಟ್ಟೆಯವರೆಗೆ ಹೋಗುತ್ತಿದ್ದಳು. ಗಂಡಸರ ಸಾಲಿನಲ್ಲಿ ಕುಹಕದ ನಗು, ಹೆಂಗಸರ ಸಾಲಿನಲ್ಲಿ ಗೊಣಗಾಟ. ಮತ ಹಾಕದೆಯೇ ಮರಳುತ್ತಿದ್ದಳು.

ಸಂಶೋಧಕಿ ಇದನ್ನೆಲ್ಲ ಬರೆದಿದ್ದ ಅಧ್ಯಾಯ ನೋಡಿ ಪ್ರಬಂಧದ ಮಾರ್ಗದರ್ಶಕರು ತಲೆಯೆತ್ತದೆಯೇ ತೀರ್ಪಿತ್ತರು: “ಮತ ಹಾಕಿಲ್ಲ ಅಂದ್ಮೇಲೆ ನಿರಾಸಕ್ತರ ಗುಂಪಿಗೆ ಸೇರ್ಸಮ್ಮ. ನಮ್ಮ ವಿಭಾಗದಲ್ಲಿ ಮೊದಲಿಂದ್ಲೂ ಹಾಗೇ. ಇಲ್ಲಾಂದ್ರೆ ನಾನು ಸಹಿ ಹಾಕಲ್ಲ.”

ಅಧ್ಯಾಯ ಸಹಿಯಿಲ್ಲದೆ ಮತ್ತೆ ಮತ್ತೆ ಹಿಂದಿರುಗಿದಾಗ ಸಂಶೋಧಕಿಯಲ್ಲಿ ಸಿಟ್ಟೂ ಉಳಿಯಲಿಲ್ಲ, ನಾಚಿಕೆಯೂ ಉಳಿಯಲಿಲ್ಲ; ಹೇಳಿದಂತೆ ಸೇರಿಸಿಬಿಟ್ಟಳು.

ಪದವಿ ಸಮಾರಂಭಕ್ಕೆ ಉಡುಪು ಹೊಲಿಸಲು ಹೋದಾಗ ಅಕ್ಕ ಟೇಪು ಹಿಡಿದು ಕೇಳಿದಳು: “ನನ್ನ ಬಗ್ಗೆ ಏನ್ ಬರ್ದೆ ಮರಿ?”

“ಮತ ಹಾಕೋಕೆ ಆಸಕ್ತಿ ಇಲ್ಲ ಅಂತ, ಅಕ್ಕ.”

“ಅಯ್ಯೋ ನಿನ್ನ! ಆಸಕ್ತಿ ಇಲ್ದೆ ಬೆಳಗಾಗ್ತಿದ್ದಂಗೆ ತಲೆ ಬಾಚ್ಕೊಂಡು ಅಲ್ಲಿಗೆ ಓಡ್ತಿದ್ನಾ?” ಅಕ್ಕ ನಕ್ಕಳು. ಸ್ವಲ್ಪ ಹೊತ್ತಿಗೆ ನಗು ನಿಂತಿತು. “ಇರ್ಲಿ, ಕೈ ಎತ್ತು.”

ಸಂಶೋಧಕಿ ಕೈ ಎತ್ತಿದಳು. ಆ ತೋಳು ತನ್ನದಲ್ಲವೇನೋ ಎನಿಸಿತು. ಪ್ರಬಂಧ ಪ್ರಶಂಸೆಯೊಂದಿಗೆ ಅಂಗೀಕೃತವಾಗಿತ್ತು. ಮುಂದೆ ಬರುವವರು ಅದನ್ನೇ ಪ್ರಮಾಣವೆಂದು ತೋರಿಸಿ, ಅಕ್ಕನಂಥವರನ್ನೆಲ್ಲ ಅದೇ ಗುಂಪಿಗೆ ದೂಡುವರು. ಇದನ್ನು ಚೆನ್ನಾಗಿ ಬಲ್ಲ ಅವಳ ಕಣ್ಣು ಒದ್ದೆಯಾಗಲೂ ಇಲ್ಲ.