ಸೀನು ತರಿಸದ ಡ್ರಿಲ್ಲು

೧೯೪೧ನೇ ಇಸವಿ. ಆಗ ನಾನು ಇಚಲಕರಂಜಿಯಲ್ಲಿ ಮಗ್ಗದ ಶೆಡ್ಡುಗಳಿಗೆ ಲೈನ್ ಶಾಫ್ಟ್ ಕೂರಿಸುವ ಮಿಸ್ತ್ರಿಯಾಗಿದ್ದೆ. ಲೈನ್ ಶಾಫ್ಟ್ ಎಂದರೆ ಮಾಡಿನ ಕೆಳಗೆ ಶೆಡ್ಡಿನ ಉದ್ದಕ್ಕೂ ತಿರುಗುವ ಉಕ್ಕಿನ ದಂಡ. ಒಂದು ಮೋಟರು ಅದನ್ನು ತಿರುಗಿಸಿದರೆ ಸಾಕು, ಅದರಿಂದ ಇಳಿಬಿಟ್ಟ ಚರ್ಮದ ಪಟ್ಟಿಗಳು ಕೆಳಗಿನ ಮಗ್ಗಗಳನ್ನೆಲ್ಲ ಓಡಿಸುತ್ತವೆ. ದಂಡ ಎಳೆಯಷ್ಟು ಓರೆಯಾದರೂ ಶೆಡ್ಡು ನಡುಗುತ್ತದೆ. ನಾನು ಕೂರಿಸಿದ ಶಾಫ್ಟು ಓಡುವಾಗ ತೊಲೆಯ ಮೇಲೆ ತುಂಬಿದ ಚಹದ ಬಶಿ ಇಟ್ಟರೂ ಒಂದು ಹನಿ ತುಳುಕುತ್ತಿರಲಿಲ್ಲ. ಇದನ್ನು ನಾನೇ ಹೇಳಬೇಕಾಗಿದೆ. ನೋಡಿದವರಲ್ಲಿ ಅರ್ಧ ಜನ ಹೋದರು, ಉಳಿದವರಿಗೆ ಹೊಟ್ಟೆಕಿಚ್ಚು.

ಇನ್ನೊಂದು ವಿಷಯದಲ್ಲೂ ನನ್ನ ಹೆಸರು ದೊಡ್ಡದು. ನಮ್ಮೂರು ಗಡಹಿಂಗ್ಲಜದ ಸಂತೆಯಲ್ಲಿ ಸೋದರಮಾವನ ರುಮಾಲಿನ ತುದಿಯನ್ನು ಎಮ್ಮೆಯ ಬಾಲಕ್ಕೆ ಗಂಟು ಹಾಕಿದಾಗ ನಾನಿನ್ನೂ ಸಾಲೆಯ ಹುಡುಗ. ಆಮೇಲೆ ಕೊಲ್ಹಾಪುರದ ಒಂದು ಕಾರಖಾನೆಯಲ್ಲಿ ಕೆಲಸ ಕಲಿಯಲು ಹೋದಾಗ ನನ್ನ ಚೇಷ್ಟೆಗೆ ಜೊತೆಗಾರ ಸಿಕ್ಕ. ಅವನ ಹೆಸರು ದತ್ತು, ಮರಾಠಿ ಮಾತಿನವನು. ಇಬ್ಬರೂ ಒಂದೇ ಖೋಲಿಯಲ್ಲಿ ಇದ್ದೆವು. ಉಪಾಯ ಹುಡುಕುವುದು ಬಸ್ಯಾ ಎಂದರೆ ನಾನು, ಆಮೇಲೆ ಗಂಭೀರ ಮುಖ ಮಾಡಿ 'ಬಸ್ಯಾಗ ಏನೂ ಗೊತ್ತಿಲ್ಲ' ಎಂದು ಸಾಕ್ಷಿ ಹೇಳುವುದು ಅವನು. ಆ ಮುಖ ನೋಡಿದ ಮೇಲೆ ನಂಬದವರನ್ನು ನಾನು ಕಂಡಿಲ್ಲ. ತಾಯಿಯ ಆಣೆ ಇಡುವಾಗಲೂ ಅವನ ರೆಪ್ಪೆ ಅಲುಗುತ್ತಿರಲಿಲ್ಲ.

ಮುಂದೆ ನಾನು ಮಿಸ್ತ್ರಿಯಾದೆ. ದತ್ತು ಕೊಲ್ಹಾಪುರದಲ್ಲಿ ಯಂತ್ರದ ಸಾಮಾನಿನ ಅಂಗಡಿ ಹಾಕಿದ.

ಆ ವರ್ಷ ನೇಮಣ್ಣ ಸಾವಕಾರರು ತಮ್ಮ ಹಳೆಯ ಶೇಂಗಾ ಗೋದಾಮನ್ನು ಮಗ್ಗದ ಶೆಡ್ಡು ಮಾಡಲು ಹೊರಟಿದ್ದರು. ಕರಿಕಲ್ಲಿನ ಗೋಡೆ, ಸಾಗವಾನಿ ತೊಲೆ, ಅಡ್ಡಕ್ಕೆ ದಪ್ಪ ಕಬ್ಬಿಣದ ಗರ್ಡರು. ಶಾಫ್ಟನ್ನು ಹೊತ್ತು ನಿಲ್ಲುವ ಹ್ಯಾಂಗರುಗಳನ್ನು ಆ ಗರ್ಡರಿಗೂ ತೊಲೆಗೂ ಬೋಲ್ಟು ಹಾಕಿ ಬಿಗಿಯಬೇಕು. ಪ್ರತಿ ಬೋಲ್ಟಿಗೂ ಮುಕ್ಕಾಲು ಇಂಚಿನ ತೂತು. ಕೈಯಿಂದ ತಿರುಗಿಸುವ ಬೈರಿಗೆಯಲ್ಲಿ ಗರ್ಡರಿಗೆ ಒಂದು ತೂತು ಕೊರೆಯುವಷ್ಟರಲ್ಲಿ ಇಬ್ಬರು ಗಟ್ಟಿ ಆಳುಗಳ ರಟ್ಟೆ ಬೀಳುತ್ತಿತ್ತು. ಮಗ್ಗಗಳು ಆಗಲೇ ದಾರಿಯಲ್ಲಿದ್ದವು.

'ಮಗ್ಗ ಬಂದು ಅಂಗಳದಾಗ ಕುಂತ್ರ ನನಗ ನಿದ್ದಿ ಹತ್ತೂದಿಲ್ಲ ಮಿಸ್ತ್ರಿ,' ಎಂದರು ನೇಮಣ್ಣ. 'ನಿನ್ನ ಕೈಲೆ ಆಗೂದಿಲ್ಲಂದ್ರ ಈಗ ಹೇಳು. ಬ್ಯಾರೇದವ್ರನ್ನ ಕರಸ್ತೇನಿ.'

'ಕರೆಂಟಿನ ಡ್ರಿಲ್ ಮಷೀನ್ ತಗೋರಿ, ಸಾವಕಾರ್ರ. ತಿಂಗಳ ಕೆಲಸ ವಾರದಾಗ ಮುಗಸ್ತೇನಿ. ಮಷೀನು ನಾನ ಆರಿಸಿ ತರ್ತೇನಿ. ಅದು ಕೈಕೊಟ್ರ ಈ ಊರಾಗ ಮತ್ತ ಸುತ್ತಿಗಿ ಹಿಡಿಯೂದಿಲ್ಲ.'

ಬಾಯಿ ದೊಡ್ಡದಾಯಿತು, ನಿಜ. ನನ್ನ ಕೈಕೆಳಗೆ ಏಳು ಜನ ಆಳುಗಳಿದ್ದರು. ಅವರ ಒಲೆಯೂ ಆ ಮಾತಿನ ಮೇಲೆ ನಿಂತಿತು ಎಂಬುದು ಆಡಿದ ಮೇಲೆ ಹೊಳೆಯಿತು.

ಮರುದಿನ ಅದೇ ಗರ್ಡರಿನಿಂದ ಕತ್ತರಿಸಿ ತೆಗೆದ ಒಂದು ತುಂಡನ್ನೂ ಸಾಗವಾನಿಯ ಒಂದು ದಿಮ್ಮಿಯನ್ನೂ ಗೋಣಿಯಲ್ಲಿ ಕಟ್ಟಿಕೊಂಡು ಕೊಲ್ಹಾಪುರಕ್ಕೆ ಹೋದೆ. ನನ್ನನ್ನು ಕಂಡವನೇ ದತ್ತು ಗಾದಿಯಿಂದ ಜಿಗಿದು ಬಂದು ಅಪ್ಪಿಕೊಂಡ.

'ಕಾಯ್ ರೇ ಬಸ್ಯಾ! ಇದೇನು, ಗುಜರಿ ಮಾರಾಕ ಬಂದೀಯೇನು?'

'ನಿನ್ನ ಮಷೀನಿಗೆ ಉಣಸಾಕ ತಂದೇನಿ. ಯಾವುದು ಅರಗಿಸಿಕೊಳ್ತದ ಅದನ್ನ ಒಯ್ತೇನಿ.'

ಅಂಗಡಿಯಲ್ಲಿ ಮೂರು ಡ್ರಿಲ್ಲುಗಳಿದ್ದವು. ಮೊದಲನೆಯದು ನಿಕ್ಕಲ್ ಹೊಳಪಿನದು, ಮದುಮಗನ ಹಾಗೆ ಮಿಂಚುತ್ತಿತ್ತು. ಒಂದೇ ಹಿಡಿ, ಚಿಕ್ಕ ಚಕ್ಕು. ಚಕ್ಕು ಎಂದರೆ ಕೊರೆಯುವ ಬಿಟ್ಟನ್ನು ಕಚ್ಚಿ ಹಿಡಿಯುವ ಬಾಯಿ. ಬಾಯಿ ಚಿಕ್ಕದಾದರೆ ದಪ್ಪ ಬಿಟ್ಟು ಹಿಡಿಸುವುದೇ ಇಲ್ಲ. ಎರಡನೆಯದು ಭಾರೀ ವೇಗದ್ದು. ತಿಳಿಯದವರು ವೇಗ ನೋಡಿ ಮರುಳಾಗುತ್ತಾರೆ. ಸಾಗವಾನಿಯಲ್ಲಿ ಅದು ಬೆಣ್ಣೆಯಲ್ಲಿ ಹೋದ ಹಾಗೆ ಹೋಯಿತು. ಗರ್ಡರಿಗೆ ಒತ್ತಿದಾಗ ಚೀರಿತು, ಬಿಟ್ಟಿನ ಅಲಗು ನೀಲಿಗಟ್ಟಿತು. ದಪ್ಪ ಕಬ್ಬಿಣಕ್ಕೆ ಬೇಕಾದದ್ದು ಎತ್ತಿನ ನಡಿಗೆ, ಕುದುರೆಯ ಓಟವಲ್ಲ.

ಮೂರನೆಯದು ಕರಿ ಬಣ್ಣದ ಒರಟು ಯಂತ್ರ. ಎರಡೂ ಬದಿಗೆ ಹಿಡಿ, ಹಿಂದೆ ಎದೆಯಿಂದ ಒತ್ತಲು ತಟ್ಟೆ. ಬಿಟ್ಟು ಕಬ್ಬಿಣದಲ್ಲಿ ಸಿಕ್ಕಿಕೊಂಡರೆ ಯಂತ್ರವೇ ಗಿರ್ರನೆ ತಿರುಗಿ ಹಿಡಿದವನ ಮಣಿಕಟ್ಟು ಮುರಿಯುತ್ತದೆ. ಅದಕ್ಕೆ ಎರಡು ಹಿಡಿ ಬೇಕು. ನಿಧಾನವಾಗಿ ತಿರುಗಿತು. ಎದೆಗೊಟ್ಟು ಒತ್ತಿದೆ. ಒಳ್ಳೆಯ ಡ್ರಿಲ್ಲಿನ ದನಿ ಭಾರ ಬಿದ್ದಾಗ ಸ್ವಲ್ಪ ಇಳಿಯುತ್ತದೆ, ಆದರೆ ಅಲ್ಲೇ ನಿಲ್ಲುತ್ತದೆ. ಕೆಟ್ಟದ್ದರ ದನಿ ಇಳಿಯುತ್ತಲೇ ಹೋಗುತ್ತದೆ. ಇದರದ್ದು ನಿಂತಿತು. ಒಂದರ ಹಿಂದೊಂದು ಐದು ತೂತು ಕೊರೆದು ಮೈ ಮುಟ್ಟಿ ನೋಡಿದೆ. ಆಗತಾನೆ ಹಾಲು ಕರೆದ ಚರಿಗೆಯಷ್ಟೇ ಬೆಚ್ಚಗಿತ್ತು.

'ಇದು ನಂದು,' ಎಂದೆ.

'ಭಲೇ! ಈ ಪೈಕಿ ಚಲೋ ಮಾಲು ಇದೊಂದ ಉಳದದ. ಯುದ್ಧ ಸುರು ಆದಮ್ಯಾಲೆ ವಿಲಾಯತಿ ಹಡಗ ಬರೂದು ನಿಂತದ,' ಎಂದ ದತ್ತು.

ಅವನು ಗಿರಾಕಿಯೊಬ್ಬನೊಡನೆ ಮಾತಿಗೆ ನಿಂತಾಗ ನನ್ನ ಕೈ ತುರಿಸಿತು. ನೇಮಣ್ಣನವರಲ್ಲಿ ಬಾಪೂ ಎಂಬ ದಿವಾಣಜಿ ಇದ್ದ. ಕಾರಕೂನಿಕೆ ಅವನ ಕೆಲಸ, ಆದರೆ ಹೊಸ ಸಾಮಾನು ಯಾವುದೇ ಬಂದರೂ ಕುಂಕುಮ ಹಚ್ಚಿ, ಕಾಯಿ ಒಡೆದು, ಮೊದಲ ಕೈ ತನ್ನದೇ ಆಗಬೇಕು. ಕಾಳು ತುಂಬಲು ಹೊಸ ಹಗೇವು ತೋಡಿಸಿದಾಗ ಅದರೊಳಗೂ ಮೊದಲು ಅವನೇ ಇಳಿದಿದ್ದ. ನನ್ನ ಡಬ್ಬಿಯಲ್ಲಿ ನಿಪ್ಪಾಣಿಯ ಖಾರ ನಶ್ಯವಿತ್ತು. ಡ್ರಿಲ್ಲಿನ ಹಿಂಬದಿಯಲ್ಲಿ ಮೋಟರನ್ನು ತಂಪಾಗಿಡುವ ಫ್ಯಾನಿನ ಸೀಳುಗಳಿದ್ದವು. ಅರ್ಧ ಡಬ್ಬಿ ನಶ್ಯ ಅವುಗಳೊಳಗೆ ಸುರಿದೆ. ಬಾಪೂ ಗುಂಡಿ ಒತ್ತಿದ ಕೂಡಲೇ ಫ್ಯಾನು ಅಷ್ಟನ್ನೂ ಅವನ ಮೂಗಿಗೆ ಅರ್ಪಿಸಬೇಕು.

ನನ್ನ ಕಣ್ಣೆದುರಿಗೇ ಡ್ರಿಲ್ಲನ್ನು ಪೆಟ್ಟಿಗೆಯಲ್ಲಿಟ್ಟು ಮೊಳೆ ಹೊಡೆದರು. 'ಇಷ್ಟು ಭಾರ ಬಸ್ಸಿನಾಗ ಯಾಕ ಒಯ್ತಿ? ನಾಳೆ ನೂಲಿನ ಲಾರಿ ನಿಮ್ಮೂರಿಗೆ ಹೊಂಟದ, ಕಳಸ್ತೇನಿ,' ಎಂದ ದತ್ತು. ಒಂದೇ ತಾಟಿನಲ್ಲಿ ಉಂಡವನ ಮಾತು. ಬರಿಗೈಲಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಬಾಪೂನ ಸೀನು ನೆನೆದು ನಾನೊಬ್ಬನೇ ನಗುತ್ತಿದ್ದರೆ ಪಕ್ಕದಲ್ಲಿದ್ದ ಅಜ್ಜಿ ಎದ್ದು ಬೇರೆ ಕಡೆ ಹೋಗಿ ಕುಳಿತಳು.

ಪೆಟ್ಟಿಗೆ ಬಂತು. ನೇಮಣ್ಣ, ಆಳುಗಳು, ನೆರೆಮನೆಯವರು, ಎಲ್ಲರೂ ಕೂಡಿದರು. ಬಾಪೂ ಕುಂಕುಮ ಹಚ್ಚಿ, ಕಾಯಿ ಒಡೆದು, ಯಂತ್ರವನ್ನು ಎದೆಗವುಚಿಕೊಂಡ. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಡ್ರಿಲ್ಲು ಗುಂಯ್ಗುಟ್ಟಿತು. ಬಾಪೂ ಹಲ್ಲು ಕಿರಿದ.

ಸೀನು ಬರಲಿಲ್ಲ.

'ಭಾಳ ಚಲೋ ಮಷೀನ್ ರೀ!' ಎಂದ ಬಾಪೂ.

ಎಲ್ಲರೂ ಚಪ್ಪಾಳೆ ತಟ್ಟಿದರು. ಲಾರಿಯ ಕುಲುಕಾಟಕ್ಕೆ ನಶ್ಯ ಉದುರಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಪೆಟ್ಟಿಗೆಯ ತಳದ ಹುಲ್ಲು ಜಾಡಿಸಿ ನೋಡಿದೆ, ಒಂದು ಕಣವೂ ಇಲ್ಲ. ಸೀಳುಗಳಿಗೆ ಮೂಗು ಹಚ್ಚಿದೆ. ನಶ್ಯದ ಘಮ ಹಾಗೆ ಒಂದು ದಿನಕ್ಕೆ ಹೋಗುವಂಥದ್ದಲ್ಲ. ನನ್ನ ಮೂಗಿಗೆ ಬಡಿದದ್ದು ಸುಟ್ಟ ವಾರ್ನಿಶಿನ ವಾಸನೆ.

ಆದರೂ ಗರ್ಡರಿಗೆ ಹಚ್ಚಿದೆ. ದತ್ತುವಿನ ಮೇಲೆ ಸಂಶಯಪಡಲು ಮನಸ್ಸು ಒಪ್ಪಲಿಲ್ಲ. ಅದೇ ಬಣ್ಣ, ಅದೇ ಎರಡು ಹಿಡಿ, ಅದೇ ತಟ್ಟೆ. ಮೊದಲ ತೂತಿನಲ್ಲೇ ದನಿ ಇಳಿಯಿತು. ಎರಡನೆಯದರಲ್ಲಿ ಇಳಿಯುತ್ತಲೇ ಹೋಯಿತು. ಮೂರನೆಯದರಲ್ಲಿ ಯಂತ್ರದ ಮೈ ರೊಟ್ಟಿಯ ಹಂಚಾಗಿ, ಹೊಗೆ ಬಂದು ನಿಂತಿತು. ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತಿ, ಮೇಲೆ ಬಣ್ಣ ಬಳಿದ ಯಂತ್ರ ಅದು.

ನೇಮಣ್ಣ ಸಿಟ್ಟಾಗಲಿಲ್ಲ, ಅದೇ ಹೆಚ್ಚು ಚುಚ್ಚಿತು. 'ಸುತ್ತಿಗಿ ಹಿಡಿಯೂದಿಲ್ಲ ಅಂದಿದ್ದಿ, ಮಿಸ್ತ್ರಿ,' ಎಂದರು ಅಷ್ಟೆ.

'ಇದು ನಾ ಆರಿಸಿದ ಮಷೀನಲ್ರಿ. ನನ್ನ ಜೋಡಿ ಕೊಲ್ಹಾಪುರಕ್ಕ ಬರ್ರಿ.'

ಬಸ್ಸಿನಲ್ಲಿ ನಶ್ಯದ ಸಂಗತಿ ಹೇಳಲೇಬೇಕಾಯಿತು. ಅವರು ಸೀಟಿನಲ್ಲಿ ಪೂರ್ತಿ ನನ್ನ ಕಡೆ ತಿರುಗಿದರು.

'ನನ್ನ ಹೊಸಾ ಮಷೀನಿನಾಗ ತಪಕೀರ ಹಾಕಿದಿ?'

'ಹೌದ್ರಿ.'

'ವಯಸ್ಸೆಷ್ಟೋ ನಿನಗ?'

'ಅದನ್ನ ಆಮ್ಯಾಲೆ ಕೇಳ್ರಿ. ಆ ತಪಕೀರ ಇರೋ ಮಷೀನು ದತ್ತ್ಯಾನ ಅಂಗಡ್ಯಾಗ ಸಿಕ್ರ ನನ್ನ ಮಾತು ಖರೆ.'

'ಸಿಗಲಿಲ್ಲಂದ್ರ?'

'ಏಳೂ ಮಂದೀನ ಕರಕೊಂಡು ಗಡಹಿಂಗ್ಲಜಕ್ಕ ಹೊಕ್ಕೇನಿ.'

ಅಂಗಡಿಗೆ ಹೋದಾಗ ದತ್ತು ಗಾದಿಯಿಂದ ಏಳಲಿಲ್ಲ. ಕುಳಿತಲ್ಲೇ ಕೈ ಮುಗಿದ. ನಾನು ಕೆಟ್ಟ ಡ್ರಿಲ್ಲನ್ನು ಮುಂದಿಟ್ಟೆ.

ಅವನು ನನ್ನನ್ನು ನೋಡಲೇ ಇಲ್ಲ, ನೇಮಣ್ಣನವರ ಕಡೆ ತಿರುಗಿದ. ಮುಖ ಗಂಭೀರವಾಯಿತು. ಎಷ್ಟೋ ಸಲ ನನ್ನನ್ನು ಉಳಿಸಿದ್ದ ಅದೇ ಮುಖ.

'ಸಾವಕಾರ್ರ, ಈ ಬಸ್ಯಾ ಎಂಥಾ ಚೇಷ್ಟೀ ಮನಷ್ಯಾ ಅಂತ ನಿಮ್ಮೂರಾಗ ಕೂಸಿಗೂ ಗೊತ್ತದ. ಏನರೆ ಆಟ ಆಡಿ ಸುಟ್ಟಾನ, ಈಗ ನನ್ನ ಮ್ಯಾಲೆ ಹಾಕಾಕತ್ಯಾನ. ಆಯೀಚೀ ಶಪ್ಪತ್, ಅವ ಆರಿಸಿದ ಮಷೀನ ಕಳಸೇನಿ.'

ತಾಯಿಯ ಆಣೆ ಇಟ್ಟರೂ ರೆಪ್ಪೆ ಅಲುಗಲಿಲ್ಲ. ನೇಮಣ್ಣ ನನ್ನನ್ನು ನೋಡಿದರು. ಅವರು ನಂಬಿಬಿಟ್ಟರು ಎಂದು ಆ ನೋಟದಲ್ಲೇ ಗೊತ್ತಾಯಿತು. ನಂಬದೆ ಏನು ಮಾಡಿಯಾರು? ಆ ಮುಖವನ್ನು ಪಳಗಿಸಿದವನು ನಾನೇ.

ಆದರೆ ಕದ್ದದ್ದನ್ನು ಎಲ್ಲಿ ಬಚ್ಚಿಡುತ್ತಾನೆಂದು ಜೊತೆಗೆ ಕದ್ದವನಿಗೆ ಗೊತ್ತಿರುತ್ತದೆ. ಖೋಲಿಯಲ್ಲಿ ಮಾಲೀಕನ ಮಾವಿನಹಣ್ಣು ಎಗರಿಸಿದಾಗ ದತ್ತು ಅವುಗಳ ಮೇಲೆ ಹಾಸಿಗೆ ಹಾಕಿ ಕುಳಿತುಬಿಡುತ್ತಿದ್ದ, ಪ್ರಳಯವಾದರೂ ಏಳುತ್ತಿರಲಿಲ್ಲ. ಅವನ ಗಾದಿಯ ಕಡೆ ನೋಡಿದೆ. ಹಿಂದಿನ ಸಲಕ್ಕಿಂತ ಅದು ಒಂದು ಮೊಳ ಎತ್ತರವಾಗಿತ್ತು.

'ಏಳು ದತ್ತ್ಯಾ,' ಎಂದೆ.

ಅವನು ಏಳಲಿಲ್ಲ. ನೇಮಣ್ಣನವರೇ 'ಏಳ್ರೀ' ಎಂದಾಗ ಎದ್ದ. ಗಾದಿ ಸರಿಸಿದರೆ ಮರದ ಪೆಟ್ಟಿಗೆ, ಅದರೊಳಗೆ ಕರಿ ಡ್ರಿಲ್ಲು.

'ಇದು ಬ್ಯಾರೆ ಮಾಲು. ಒಬ್ಬ ದೊಡ್ಡ ಗುತ್ತಿಗೆದಾರಗ ಮಾತು ಕೊಟ್ಟೇನಿ,' ಎಂದ ದತ್ತು.

'ಇರಲಿ. ನೀನ ಒಮ್ಮೆ ಚಾಲೂ ಮಾಡಿ ತೋರಸು. ಆಮ್ಯಾಲೆ ನಾ ಹೊಕ್ಕೇನಿ.'

ಧೈರ್ಯವಾಗಿ ಎತ್ತಿಕೊಂಡು, ಎದೆಗೊಟ್ಟು, ಗುಂಡಿ ಒತ್ತಿದ. ಫ್ಯಾನು ತನ್ನ ಕೆಲಸ ಮಾಡಿತು. ಕಂದು ಮೋಡವೊಂದು ಎದ್ದು ಅವನ ಮುಖ ತುಂಬಿತು. ದತ್ತು ಸೀನಿದ, ಡ್ರಿಲ್ಲು ಕೈಬಿಟ್ಟು ಮತ್ತೆ ಸೀನಿದ. ಕಟ್ಟೆಯ ಬಳಿ ನಿಂತ ಗಿರಾಕಿ ಸೀನಿದ. ನೇಮಣ್ಣ ರುಮಾಲು ಬಿಚ್ಚಿ ಮೂಗಿಗೆ ಹಿಡಿದು ಸೀನಿ ಸೀನಿ ಗೋಡೆಗೆ ಒರಗಿದರು. ಸೀನುಗಳ ನಡುವೆ ಬೆರಳೆತ್ತಿ, 'ಖರೆ ಅದ! ಮಿಸ್ತ್ರಿ, ನಿಂದ ಖರೆ ಅದ!' ಎಂದರು.

ಸೀನದೆ ನಿಂತವನು ನಾನೊಬ್ಬನೇ. ನಶ್ಯ ನನ್ನ ಮೂಗಿಗೆ ಮನೆಯವರಿದ್ದ ಹಾಗೆ. ಇಷ್ಟು ಚೆಂದದ ಚೇಷ್ಟೆಯನ್ನು ಹಿಂದೆಯೂ ಮಾಡಿರಲಿಲ್ಲ, ಮುಂದೆಯೂ ಮಾಡಲಿಲ್ಲ. ನಗು ಮಾತ್ರ ಬರಲಿಲ್ಲ.

ದತ್ತು ಕಣ್ಣೊರೆಸಿಕೊಂಡ. ಆ ಗಂಭೀರ ಮುಖ ಕಳಚಿ ಬಿದ್ದಿತ್ತು. 'ಬಸ್ಯಾ, ಇಂಥಾ ಮಾಲು ಮತ್ತ ಬರೂದಿಲ್ಲಲೇ. ಗೊತ್ತಾದ್ರೂ ನೀ ನಕ್ಕು ಬಿಡ್ತಿ ಅಂತ ತಿಳದಿದ್ದೆ,' ಎಂದ.

ಡ್ರಿಲ್ಲನ್ನು ಹೆಗಲ ಮೇಲೆ ಹೊತ್ತು ಬಸ್ಸು ಹತ್ತಿದೆ. ಅದರ ಭಾರ ಆ ದಿನ ತಿಳಿಯಲೇ ಇಲ್ಲ.

ಮಗ್ಗಗಳು ಬರುವ ಮೊದಲೇ ಹ್ಯಾಂಗರುಗಳು ಗರ್ಡರಿಗೇರಿದವು. ಶಾಫ್ಟಿನ ತುದಿ ಕೂರಬೇಕಾದ ಗೋಡೆಯ ಕರಿಕಲ್ಲು ಮಾತ್ರ ಡ್ರಿಲ್ಲಿಗೆ ಬಗ್ಗುವಂಥದ್ದಲ್ಲ, ಅದನ್ನು ಚಾಣ ಸುತ್ತಿಗೆ ಹಿಡಿದ ವಡ್ಡರಿಗೇ ಬಿಟ್ಟೆವು. ಶಾಫ್ಟು ಓಡಿದ ದಿನ ತೊಲೆಯ ಮೇಲೆ ಚಹದ ಬಶಿ ಇಟ್ಟವರು ನೇಮಣ್ಣನವರೇ.

ಈಗಲೂ ಹೊಸ ಮಿಸ್ತ್ರಿಗಳು ಎಂಥ ಡ್ರಿಲ್ಲು ಕೊಳ್ಳಲಿ ಎಂದು ಕೇಳಲು ಬರುತ್ತಾರೆ. ನೀನು ಕೊರೆಯಬೇಕಾದ ಕಬ್ಬಿಣದ ತುಂಡನ್ನೇ ಅಂಗಡಿಗೆ ಒಯ್ಯಿ, ಹೊಳಪು ನೋಡಬೇಡ, ಭಾರ ಹಾಕಿ ದನಿ ಕೇಳು, ಐದು ತೂತಾದ ಮೇಲೆ ಮೈ ಮುಟ್ಟು ಎನ್ನುತ್ತೇನೆ. ಆರಿಸಿದ ಮೇಲೆ ಅದನ್ನು ನಿನ್ನ ಹೆಗಲ ಮೇಲೇ ಹೊತ್ತು ತಾ, ಅಂಗಡಿಯವನು ನಿನ್ನ ಜೀವದ ಗೆಳೆಯನಾಗಿದ್ದರಂತೂ ತಪ್ಪದೆ ಹೊತ್ತು ತಾ ಎಂದೂ ಸೇರಿಸುತ್ತೇನೆ. ಅವರು ನಗುತ್ತಾರೆ, ಮುದುಕ ಮತ್ತೆ ಚೇಷ್ಟೆ ಶುರುಮಾಡಿದ ಎನ್ನುತ್ತಾರೆ. ಚೇಷ್ಟೆಯನ್ನು ನಾನೇನೂ ಬಿಟ್ಟಿಲ್ಲ. ಆದರೆ ಸಿಕ್ಕಿಬಿದ್ದಾಗ 'ಬಸ್ಯಾಗ ಏನೂ ಗೊತ್ತಿಲ್ಲ' ಎಂದು ಹೇಳುವವರು ಆಮೇಲೆ ಯಾರೂ ಸಿಗಲಿಲ್ಲ. ಬೈಗುಳವನ್ನೆಲ್ಲ ನಾನೊಬ್ಬನೇ ತಿನ್ನುತ್ತಿದ್ದೇನೆ.