ಗುರುಮಲ್ಲಪ್ಪನವರ ಒಂಬತ್ತಿಂಚಿನ ಟೈರು

ಮಿಲಿಟರಿ ಹರಾಜಿನಲ್ಲಿ ಹಳೇ ಜೀಪು ಕೊಂಡ ದಿನದಿಂದ ಮೈಸೂರಿನ ಕಂಟ್ರಾಕ್ಟರ್ ಗುರುಮಲ್ಲಪ್ಪನವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆರಿಂಚು ಅಗಲದ ಟೈರಿಗೆಂದು ಮಾಡಿದ ಗಾಡಿಗೆ, ಅಗಲದ ಜೊತೆ ಎತ್ತರವೂ ಹೆಚ್ಚಾದ ಒಂಬತ್ತಿಂಚಿನ ಟೈರು ತೊಡಿಸಿದರು. ಕೋಳಿಮರಿಗೆ ಆನೆಕಾಲು ಬಂದಂತಾಯಿತು. ಅದನ್ನು ಹತ್ತಿಳಿಯಲು ಮುಕ್ಕಾಲಿಯೊಂದನ್ನು ಜೊತೆಗಿಟ್ಟುಕೊಂಡು, ಸೊಪ್ಪು ತರಲೂ ಜೀಪಿನಲ್ಲೇ ಮಾರ್ಕೆಟ್ಟಿಗೆ ಹೋಗುತ್ತಿದ್ದರು. ಕಡಕೊಳದ ಕಡೆ ಕೆಸರಿಗಿಳಿದರೆ ಮಾತ್ರ ಆಕ್ಸಲ್ ಲಟಕ್ಕೆಂದು ಮುರಿಯುತ್ತಿತ್ತು. ರಿಪೇರಿಯ ಮೇಸ್ತ್ರಿ ನಿಂಗಯ್ಯನಿಗೆ ಅವರನ್ನು ಕಂಡರೆ ಮೈಯೆಲ್ಲ ಉರಿ. “ಟೈರ್ ದೊಡ್ಡದಾದಷ್ಟೂ ಆಕ್ಸಲ್ ಮೇಲೆ ಭಾರ ಬೀಳ್ತದೆ ಯಜಮಾನ್ರೇ, ಏಳಿಂಚು ದಾಟ್ಬೇಡಿ” ಎಂದರೆ, “ನೀನು ಹಾಕೋ ಕಬ್ಬಿಣವೇ ಕಳಪೆ ಕಣಯ್ಯ” ಎಂದು ಮೀಸೆ ತೀಡುತ್ತಿದ್ದರು. ಮೂರನೆಯ ಸಲ ಮುರಿದಾಗ ನಿಂಗಯ್ಯ ಒಂದು ಮಾತೂ ಕೇಳದೆ ಆರಿಂಚಿನ ಟೈರನ್ನೇ ಹಾಕಿಬಿಟ್ಟ. ಹತ್ತಿ ಕುಳಿತ ಗುರುಮಲ್ಲಪ್ಪನವರ ಮುಖ ಬಾಡಿತು. “ತಗ್ಗಾಗ್ಬುಡ್ತಲ್ಲೋ ನಿಂಗಯ್ಯ. ನಾನು ಚಿಕ್ಕೋನಿದ್ದಾಗ ಸಾಹೇಬರ ಕಾರು ಬಂದಾಗೆಲ್ಲ ನಮ್ಮಪ್ಪ ಎತ್ತಿನ ಗಾಡೀನ ಚರಂಡಿಗಿಳಿಸಿ ಕೈಮುಗಿದು ನಿಲ್ಬೇಕಿತ್ತು. ಗಾಡಿಯೊಳಗೆ ಕೂತು ನಾನು ಅವರ ಟೈರನ್ನೇ ನೋಡ್ತಿದ್ದೆ” ಎಂದರು. ನಿಂಗಯ್ಯ ಒಳಗಿನಿಂದ ಎರಡು ಗೋಣಿಚೀಲ ತಂದು, ಅವರನ್ನೆಬ್ಬಿಸಿ, ಚೀಲಗಳನ್ನು ನಾಲ್ಕಾಗಿ ಮಡಚಿ ಸೀಟಿನ ಮೇಲೆ ಹಾಸಿ, “ಈಗ ಕೂತ್ಕೊಂಡು ನೋಡಿ ಯಜಮಾನ್ರೇ” ಎಂದ.